ರಾತ್ರಿ ಉಸಿರು ನಿಲ್ಲುತ್ತಿದೆಯೇ? ಬೆರಳಿಗೆ ಹಾಕುವ ಸಂವೇದಕದಿಂದ ಮನೆಯಲ್ಲೇ ನೋಡಿಕೊಳ್ಳುವ ಕ್ರಮ

ನನ್ನ ಅಣ್ಣನಿಗೆ ನಲವತ್ತೊಂಬತ್ತು ವರ್ಷ. ಹುಬ್ಬಳ್ಳಿಯಿಂದ ಅಂಕೋಲಾ, ಕಾರವಾರದ ಕಡೆಗೆ ಲಾರಿ ಓಡಿಸುತ್ತಾನೆ. ಅವನ ಗೊರಕೆ ನಮ್ಮ ಮನೆಗೆ ಹೊಸದಲ್ಲ. ಮಳೆಗಾಲದ ಒಂದು ಬೆಳಿಗ್ಗೆ ವೈನಿ ನನ್ನನ್ನು ಅಡುಗೆಮನೆಗೆ ಕರೆದರು. "ನಿಮ್ಮಣ್ಣನ ಗೊರಕೆ ನನಗೆ ರೂಢಿಯಾಗಿದೆ. ಗೊರಕೆ ನಿಂತಾಗಲೇ ನನಗೆ ಎಚ್ಚರವಾಗುವುದು. ನಿನ್ನೆ ರಾತ್ರಿ ಎಣಿಸಿದೆ, ಮೂವತ್ತೆರಡರವರೆಗೆ ಬಂತು. ಆಮೇಲೆ ಬಾವಿಯಲ್ಲಿ ಮುಳುಗಿ ಮೇಲೆ ಬಂದವರ ಹಾಗೆ ಉಸಿರೆಳೆದುಕೊಂಡರು" ಎಂದರು. ಅದೇ ವಾರ ಅರಬೈಲ್ ಘಟ್ಟ ಇಳಿಯುವಾಗ ಅಣ್ಣನಿಗೆ ತೂಕಡಿಕೆ ಬಂದು ಕ್ಲೀನರ್ ಹುಡುಗ ಭುಜ ಹಿಡಿದು ಅಲುಗಾಡಿಸಿದ್ದ ಸಂಗತಿಯೂ ಹೊರಬಿತ್ತು.

ಈ ಎರಡು ಸುದ್ದಿಗಳು ಒಂದೇ ಕಾಯಿಲೆಯ ಎರಡು ತುದಿಗಳು ಎಂದು ಅಂದು ನಮಗೆ ಹೊಳೆಯಲಿಲ್ಲ. ಅದರ ಹೆಸರು ಸ್ಲೀಪ್ ಆಪ್ನಿಯಾ, ಅಂದರೆ ನಿದ್ರೆಯಲ್ಲಿ ಉಸಿರು ಕಟ್ಟುವುದು. ನಿದ್ರೆ ಗಾಢವಾದಂತೆ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಮತ್ತು ಹೊಟ್ಟೆ ಉಸಿರೆಳೆಯಲು ಹೆಣಗುತ್ತಲೇ ಇರುತ್ತವೆ, ಆದರೆ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಅರೆಕ್ಷಣ ಎಚ್ಚರಗೊಂಡು ದಾರಿ ತೆರೆಯುತ್ತದೆ. ಮಲಗಿದವನಿಗೆ ಇದಾವುದೂ ನೆನಪಿರುವುದಿಲ್ಲ. ಬೆಳಿಗ್ಗೆ ತಲೆ ಭಾರ, ಬಾಯಿ ಒಣಗಿರುವುದು, ಎಂಟು ತಾಸು ಮಲಗಿದರೂ ನಿದ್ರೆಯೇ ಆಗದಂತಿರುವುದು ಮಾತ್ರ ಅವನಿಗೆ ಗೊತ್ತು.

ಉಸಿರು ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಅದನ್ನು ಒಂದು ಘಟನೆ ಎಂದು ಲೆಕ್ಕ ಹಿಡಿಯುತ್ತಾರೆ. ಪೂರ್ತಿ ನಿಲ್ಲದೆ ತೀರಾ ಕ್ಷೀಣವಾಗುವುದನ್ನೂ ಸೇರಿಸಿ ವಯಸ್ಕರಲ್ಲಿ ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಸಹಜ. 5ರಿಂದ 15ರ ಒಳಗಿದ್ದರೆ ಸೌಮ್ಯ, 15ರಿಂದ 30ರ ಒಳಗಿದ್ದರೆ ಮಧ್ಯಮ, 30 ಮುಟ್ಟಿದರೆ ತೀವ್ರ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು, ವೈದ್ಯನಲ್ಲ. ಬೆರಳಿನ ಮೇಲೆ ಬೆಳಕು ಬಿಟ್ಟು ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಎಂಬ ಪುಟ್ಟ ಉಪಕರಣದಿಂದ ಮನೆಯಲ್ಲಿ ಏನು ತಿಳಿಯಬಹುದು, ಏನು ತಿಳಿಯಲಾಗದು, ತಿಳಿದದ್ದನ್ನು ವೈದ್ಯರ ಮುಂದೆ ಹೇಗೆ ಇಡಬೇಕು ಎಂಬುದನ್ನು ಅಣ್ಣನ ವಿಷಯದಲ್ಲಿ ಕಲಿತುಕೊಂಡೆ. ಅದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಒಂದು ಮಾತನ್ನು ಮಾತ್ರ ಮೊದಲೇ ಹೇಳಬೇಕು. ಈ ಉಪಕರಣ ನಿಮ್ಮನ್ನು ಆಸ್ಪತ್ರೆಗೆ ಕಳಿಸಬಲ್ಲದು, ಆಸ್ಪತ್ರೆಗೆ ಹೋಗಬೇಕಿಲ್ಲ ಎಂದು ಹೇಳುವ ಅಧಿಕಾರ ಅದಕ್ಕಿಲ್ಲ.

ಉಪಕರಣಕ್ಕಿಂತ ಮೊದಲು ಎಂಟು ಪ್ರಶ್ನೆ

ಆಕ್ಸಿಮೀಟರ್ ಹುಡುಕುವ ಮೊದಲು ದರ್ಜಿಯ ಅಳತೆ ಟೇಪು ಹುಡುಕಿ. ಕೆನಡಾದ ಟೊರೊಂಟೊದಲ್ಲಿ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚುಂಗ್ ಮತ್ತು ಅವರ ತಂಡ 2008ರಲ್ಲಿ ಪ್ರಕಟಿಸಿದ ಒಂದು ಪ್ರಶ್ನಾವಳಿ ಇದೆ. ಸ್ಟಾಪ್-ಬ್ಯಾಂಗ್ ಎಂಬ ಹೆಸರಿನಿಂದ ಇಂದು ಜಗತ್ತಿನ ಬಹುತೇಕ ಕಡೆ ಬಳಕೆಯಲ್ಲಿದೆ. ಪ್ರಶ್ನೆಗಳು ಇಷ್ಟೇ: ಮುಚ್ಚಿದ ಬಾಗಿಲಾಚೆಗೂ ಕೇಳುವಷ್ಟು ಜೋರಾಗಿ ಗೊರಕೆ ಹೊಡೆಯುತ್ತೀರಾ? ಹಗಲಿನಲ್ಲಿ ಆಯಾಸ ಅಥವಾ ತೂಕಡಿಕೆ ಇದೆಯೇ? ನಿದ್ರೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ? ರಕ್ತದೊತ್ತಡ ಇದೆಯೇ? ದೇಹದ ತೂಕದ ಸೂಚ್ಯಂಕ, ಅಂದರೆ ಬಿಎಂಐ, 35ಕ್ಕಿಂತ ಹೆಚ್ಚೇ? ವಯಸ್ಸು 50 ದಾಟಿದೆಯೇ? ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್ ಮೀರಿದೆಯೇ? ನೀವು ಗಂಡಸೇ? ಪ್ರತಿ ಹೌದಿಗೂ ಒಂದು ಅಂಕ. ಎರಡರವರೆಗೆ ಅಪಾಯ ಕಡಿಮೆ, ಮೂರು ನಾಲ್ಕಾದರೆ ಮಧ್ಯಮ, ಐದು ಮುಟ್ಟಿದರೆ ಹೆಚ್ಚು.

ಅಣ್ಣನಿಗೆ ಆರು ಬಂತು. ವಯಸ್ಸು ಮತ್ತು ಬಿಎಂಐ ಬಿಟ್ಟರೆ ಉಳಿದ ಎಲ್ಲದಕ್ಕೂ ಹೌದು. ಕುತ್ತಿಗೆ 42 ಸೆಂಟಿಮೀಟರ್ ಇತ್ತು. ಮೂರನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಪಕ್ಕದಲ್ಲಿ ಮಲಗುವವರು ಎಂಬುದನ್ನು ಮರೆಯಬೇಡಿ. ರೋಗಿಯನ್ನೇ ಕೇಳಿದರೆ "ನನಗೆ ಒಳ್ಳೆಯ ನಿದ್ರೆ ಬರುತ್ತದೆ, ತಲೆದಿಂಬು ಮುಟ್ಟಿದರೆ ಸಾಕು" ಎಂಬ ಉತ್ತರ ಬರುತ್ತದೆ. ಮಲಗಿದ ತಕ್ಷಣ ನಿದ್ರೆ ಬರುವುದನ್ನು ಆರೋಗ್ಯದ ಲಕ್ಷಣ ಎಂದು ನಮ್ಮ ಕಡೆ ಹೊಗಳುತ್ತಾರೆ. ಎಷ್ಟೋ ಸಲ ಅದು ನಿದ್ರೆಯ ಸಾಲ ಬೆಳೆದಿರುವುದರ ಲಕ್ಷಣ.

ಅಂಕ ಐದು ಮುಟ್ಟಿದ್ದರೆ ಮುಂದಿನದನ್ನೆಲ್ಲ ಮಾಡಿ ಮುಗಿಸಿ ಆಮೇಲೆ ವೈದ್ಯರ ಬಳಿ ಹೋಗೋಣ ಎಂದು ಕಾಯಬೇಡಿ. ಎರಡೂ ಜೊತೆಜೊತೆಗೆ ನಡೆಯಲಿ. ವಾಹನ ಓಡಿಸುವವರಾದರೆ ಇನ್ನೂ ಬೇಗ.

ಬೆಳಕು ರಕ್ತವನ್ನು ಓದುವ ಬಗೆ

ಕೋಣೆ ಕತ್ತಲು ಮಾಡಿ ಮೊಬೈಲಿನ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ. ಬಿಳಿ ಬೆಳಕು ಒಳಹೋಗಿ ಬೆರಳ ತುದಿ ಕೆಂಡದಂತೆ ಕೆಂಪಗಾಗುತ್ತದೆ. ಹಸಿರು, ನೀಲಿ ಬೆಳಕನ್ನು ರಕ್ತ ನುಂಗಿತು, ಕೆಂಪನ್ನು ದಾಟಿಸಿತು. ಆಕ್ಸಿಮೀಟರ್ ನಿಂತಿರುವುದು ಇದೇ ಗುಣದ ಮೇಲೆ. ಅದು ಸುಮಾರು 660 ನ್ಯಾನೊಮೀಟರಿನ ಕೆಂಪು ಬೆಳಕನ್ನೂ ಸುಮಾರು 940 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಒಂದಾದ ಮೇಲೊಂದರಂತೆ ಬೆರಳಿನೊಳಗೆ ಬಿಡುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅವಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಕೆಂಪನ್ನು ಹೆಚ್ಚು ಹೀರುತ್ತದೆ. ಎರಡರ ಅನುಪಾತದಿಂದ ಶೇಕಡಾವಾರು ಅಂಕಿ ಹೊರಡುತ್ತದೆ.

ಆದರೆ ಬೆರಳಿನಲ್ಲಿ ಚರ್ಮ, ಎಲುಬು, ಉಗುರು ಎಲ್ಲವೂ ಬೆಳಕನ್ನು ಹೀರುತ್ತವೆಯಲ್ಲ? ಅಪಧಮನಿಯ ರಕ್ತವೊಂದೇ ನಾಡಿಯೊಂದಿಗೆ ಏರಿಳಿಯುತ್ತದೆ, ಉಳಿದದ್ದು ಸ್ಥಿರವಾಗಿರುತ್ತದೆ. ಆದ್ದರಿಂದ ಮಿಡಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು. ಈ ಉಪಾಯ ಕಂಡುಹಿಡಿದವರು ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ, 1974ರಲ್ಲಿ. ನಾಡಿ ಸರಿಯಾಗಿ ಸಿಗದಿದ್ದರೆ ಆಮ್ಲಜನಕದ ಅಂಕಿಗೂ ಬೆಲೆಯಿಲ್ಲ ಎಂಬ ನಿಯಮ ಇದರಿಂದಲೇ ಬರುತ್ತದೆ. ಮುಂದೆ ಇದು ಬೇಕಾಗುತ್ತದೆ.

ಬೆರಳಿನ ಆಕ್ಸಿಮೀಟರಿನಲ್ಲಿ ಬೆಳಕು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಡುತ್ತದೆ. ಕೈಗಡಿಯಾರದಲ್ಲಿ ಮಣಿಕಟ್ಟಿನ ಮೇಲೆ ಬಿದ್ದು ಹಿಂದಿರುಗಿದ ಬೆಳಕನ್ನು ಅಳೆಯುತ್ತಾರೆ. ಅಲ್ಲಿ ಸಂಕೇತ ದುರ್ಬಲ, ಪಟ್ಟಿ ಸ್ವಲ್ಪ ಸಡಿಲವಾದರೂ ಕೆಡುತ್ತದೆ. ಗಡಿಯಾರದ ಕೆಳಗೆ ಮಿನುಗುವ ಹಸಿರು ದೀಪ ಮುಖ್ಯವಾಗಿ ನಾಡಿಬಡಿತಕ್ಕೆ, ಆಮ್ಲಜನಕಕ್ಕೆ ಅಲ್ಲ.

ಯಾವುದನ್ನು ಬಳಸುವುದು

2021ರಲ್ಲಿ ಕೊರೋನಾ ಎರಡನೆಯ ಅಲೆ ಬಂದಾಗ ಆಕ್ಸಿಮೀಟರ್ ಕೊಂಡ ಮನೆಗಳಿಗೆ ಲೆಕ್ಕವಿಲ್ಲ. ನಮ್ಮ ಕಪಾಟಿನಲ್ಲೂ ಒಂದು ಬಿದ್ದಿತ್ತು. ಅಂಥದ್ದು ಆ ಕ್ಷಣದ ಅಂಕಿಯನ್ನು ತೋರಿಸುತ್ತದೆ, ನೆನಪಿಟ್ಟುಕೊಳ್ಳುವುದಿಲ್ಲ. ಹಗಲು ಎಚ್ಚರವಿದ್ದಾಗ ಹಾಕಿ 97 ಬಂತು, ಎಲ್ಲ ಸರಿಯಿದೆ ಎಂದುಕೊಳ್ಳುವವರು ಬಹಳ. ಆಪ್ನಿಯಾ ಇರುವವನಿಗೂ ಹಗಲಿನಲ್ಲಿ 97 ಬರುವುದು ಸಾಮಾನ್ಯ, ಏಕೆಂದರೆ ಎಚ್ಚರವಿದ್ದಾಗ ಅವನ ಗಂಟಲು ತೆರೆದೇ ಇರುತ್ತದೆ.

ಹಾಗೆಂದು ಅದು ಕೆಲಸಕ್ಕೆ ಬಾರದ್ದಲ್ಲ. ಹೊಸ ಬ್ಯಾಟರಿ ಹಾಕಿ ಮಲಗಿದವನ ಬೆರಳಿಗೆ ಸಿಕ್ಕಿಸಿ, ಅದರ ಮುಖಕ್ಕೆ ಮೊಬೈಲ್ ಕ್ಯಾಮೆರಾ ಹಿಡಿದು ಒಂದೆರಡು ತಾಸು ವಿಡಿಯೊ ಮಾಡಿಕೊಂಡರೆ ಅಂಕಿಯೂ ಗೊರಕೆಯ ಸದ್ದೂ ಒಟ್ಟಿಗೆ ದಾಖಲಾಗುತ್ತವೆ. ಬೆಳಗಿನ ಜಾವ ಮೂರರಿಂದ ಐದರವರೆಗಿನ ಸಮಯವನ್ನು ಆರಿಸಿಕೊಳ್ಳಿ. ಕನಸು ಬೀಳುವ ಹಂತದ ನಿದ್ರೆ ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು, ಸ್ನಾಯುಗಳು ತೀರಾ ಸಡಿಲವಾಗುವುದು ಆಗಲೇ. ಅನೇಕರಲ್ಲಿ ಉಸಿರು ಅತಿ ಹೆಚ್ಚು ಕಟ್ಟುವುದೂ ಆಗಲೇ.

ಇದಕ್ಕಿಂತ ಒಳ್ಳೆಯದು ರಾತ್ರಿಯಿಡೀ ದಾಖಲಿಸುವ ಆಕ್ಸಿಮೀಟರ್. ಉಂಗುರದ ರೂಪದಲ್ಲೂ ಸಿಗುತ್ತದೆ. ಮಣಿಕಟ್ಟಿಗೆ ಕಟ್ಟಿ ಸಣ್ಣ ವೈರಿನಿಂದ ಬೆರಳಿನ ಟೊಪ್ಪಿಗೆಗೆ ಸೇರುವ ರೂಪದಲ್ಲೂ ಸಿಗುತ್ತದೆ. ಕೊಳ್ಳುವಾಗ ಬಣ್ಣ, ಗಾತ್ರ, ಆ್ಯಪ್‌ನ ಅಂದ ನೋಡಬೇಡಿ. ನಾಲ್ಕು ಸಂಗತಿ ಕೇಳಿ. ಎಷ್ಟು ಸೆಕೆಂಡಿಗೊಮ್ಮೆ ದಾಖಲಿಸುತ್ತದೆ? ಒಂದರಿಂದ ನಾಲ್ಕು ಸೆಕೆಂಡಿಗೊಮ್ಮೆ ಆದರೆ ಒಳ್ಳೆಯದು. ಎಷ್ಟು ಸೆಕೆಂಡುಗಳ ಸರಾಸರಿ ತೋರಿಸುತ್ತದೆ? ಇದು ಮೂರು ಸೆಕೆಂಡು ಅಥವಾ ಅದಕ್ಕೂ ಕಡಿಮೆ ಇರಬೇಕು. ದೀರ್ಘ ಸರಾಸರಿ ಚಿಕ್ಕ ಕುಸಿತಗಳನ್ನು ಮಣ್ಣು ಮುಚ್ಚಿದಂತೆ ಮುಚ್ಚಿಬಿಡುತ್ತದೆ. ನಾಡಿಬಡಿತವನ್ನೂ ಜೊತೆಗೆ ದಾಖಲಿಸುತ್ತದೆಯೇ? ಇಡೀ ರಾತ್ರಿಯ ಗ್ರಾಫನ್ನು ಹಾಳೆಗೆ ಇಳಿಸಿಕೊಳ್ಳಬಹುದೇ? ಅಂಗಡಿಯವರಿಗೆ ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿರುವುದು ಅಪರೂಪ. ಪೆಟ್ಟಿಗೆಯೊಳಗಿನ ಕೈಪಿಡಿಯಲ್ಲಿ ಹುಡುಕಿ. ಪರಿಚಯದ ವೈದ್ಯರಿದ್ದರೆ ಕೊಳ್ಳುವ ಮೊದಲು ಅವರನ್ನು ಕೇಳಿ, ಎರಡು ಮೂರು ರಾತ್ರಿಗೆ ಬಾಡಿಗೆಗೆ ಸಿಗುವುದಾದರೆ ದುಡ್ಡು ಉಳಿಯುತ್ತದೆ.

ಇನ್ನು ಸ್ಮಾರ್ಟ್‌ವಾಚ್. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರುವರಿಯಲ್ಲಿ ಸ್ಯಾಮ್‌ಸಂಗ್ ಗಡಿಯಾರದ ಸ್ಲೀಪ್ ಆಪ್ನಿಯಾ ಸೌಲಭ್ಯಕ್ಕೆ ಅನುಮತಿ ಕೊಟ್ಟಿತು, ಸೆಪ್ಟೆಂಬರಿನಲ್ಲಿ ಆ್ಯಪಲ್ ಗಡಿಯಾರದ್ದಕ್ಕೆ. ಸ್ಯಾಮ್‌ಸಂಗ್‌ನದು ಬೆಳಕಿನ ಸಂವೇದಕದಿಂದ ಆಮ್ಲಜನಕದ ಏರಿಳಿತ ನೋಡುತ್ತದೆ. ಆ್ಯಪಲ್‌ನದು ಈ ಕೆಲಸಕ್ಕೆ ಬೆಳಕನ್ನು ಬಳಸುವುದೇ ಇಲ್ಲ, ಉಸಿರಾಟದ ಏರುಪೇರಿನಿಂದ ಮಣಿಕಟ್ಟಿನಲ್ಲಿ ಆಗುವ ಸೂಕ್ಷ್ಮ ಚಲನೆಯನ್ನು ಗಮನಿಸುತ್ತದೆ. ಎರಡೂ ಮಧ್ಯಮ ಮತ್ತು ತೀವ್ರ ಹಂತದ ಸುಳಿವು ಕೊಡಲು ಇರುವಂಥವು, ಕಾಯಿಲೆಯನ್ನು ಖಚಿತಪಡಿಸಲು ಅಲ್ಲ. ಕಡಿಮೆ ಬೆಲೆಯ ಗಡಿಯಾರಗಳಲ್ಲಿ ಹಲವು ರಾತ್ರಿಯಲ್ಲಿ ಆಗೊಮ್ಮೆ ಈಗೊಮ್ಮೆ ಮಾತ್ರ ಆಮ್ಲಜನಕ ಅಳೆಯುತ್ತವೆ. ಅರ್ಧ ನಿಮಿಷದ ಕುಸಿತ ಆ ಎರಡು ಅಳತೆಗಳ ನಡುವೆ ಜಾರಿಹೋಗುತ್ತದೆ. ನಿರಂತರ ಅಳತೆಯ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇದ್ದರೆ ಅದನ್ನು ಚಾಲೂ ಮಾಡಿ. ಇಲ್ಲದಿದ್ದರೆ ಈ ಕೆಲಸಕ್ಕೆ ಆ ಗಡಿಯಾರವನ್ನು ನೆಚ್ಚಬೇಡಿ.

ಮಲಗುವ ಮುನ್ನ

ಬಲಗೈ ಬಳಸುವವರು ಎಡಗೈಗೆ ಹಾಕಿ. ಉಂಗುರ ಬೆರಳು ಅಥವಾ ನಡುಬೆರಳು ಸಾಕು. ಉಗುರಿನ ಬಣ್ಣ ತೆಗೆಯಿರಿ, ಕಪ್ಪು, ನೀಲಿ, ಹಸಿರು ಬಣ್ಣಗಳು ಅಂಕಿಯನ್ನು ಕೆಡಿಸುತ್ತವೆ. ಮದುವೆ ಮನೆಯಿಂದ ಬಂದವರ ಬೆರಳಲ್ಲಿ ಗಾಢ ಮೆಹಂದಿ ಇದ್ದರೆ, ವಿಶೇಷವಾಗಿ ಕಪ್ಪು ಮೆಹಂದಿ ಇದ್ದರೆ, ಅದು ಮಾಸುವವರೆಗೆ ತಡೆಯಿರಿ. ಕೈ ತಣ್ಣಗಿದ್ದರೆ ರಕ್ತಸಂಚಾರ ಕಡಿಮೆಯಾಗಿ ನಾಡಿ ಸಿಗುವುದಿಲ್ಲ. ಧಾರವಾಡದ ಚಳಿಗಾಲದ ಬೆಳಗಿನ ಜಾವದಲ್ಲಿ ಇದು ನಿಜವಾದ ತೊಡಕು, ಕೈಯನ್ನು ಹೊದಿಕೆಯೊಳಗೆ ಇಟ್ಟುಕೊಳ್ಳಲಿ. ಆದರೆ ದಿಂಬಿನ ಕೆಳಗಾಗಲೀ ಕೆನ್ನೆಯ ಕೆಳಗಾಗಲೀ ಕೈ ಬೇಡ.

ಸಂವೇದಕ ಜಾರದಂತೆ ಮೇಲೊಂದು ಸುತ್ತು ಬಟ್ಟೆಯ ಪಟ್ಟಿ ಸಡಿಲವಾಗಿ ಅಂಟಿಸಿ. ಬಿಗಿದು ಕಟ್ಟಿದರೆ ರಕ್ತ ಓಡಾಡದೆ ಅಂಕಿ ತಪ್ಪುತ್ತದೆ. ಶೀತ, ಜ್ವರ, ಮೂಗು ಕಟ್ಟಿರುವ ರಾತ್ರಿ ಬಿಟ್ಟುಬಿಡಿ. ಉಳಿದಂತೆ ಎಂದಿನ ರೂಢಿಯೇ ಇರಲಿ: ಎಂದಿನ ಊಟ, ಎಂದಿನ ಹೊತ್ತು, ಎಂದಿನ ಹಾಸಿಗೆ. ಪರೀಕ್ಷೆಗೆಂದು ಒಂದು ರಾತ್ರಿ ಬೇಗ ಮಲಗಿ, ಮಗ್ಗುಲಾಗಿ ಮಲಗಿ, ಸಂಭಾವಿತನಾಗಿ ತೋರಿಸಿಕೊಂಡರೆ ಸಿಗುವುದು ಸುಳ್ಳು ಸಮಾಧಾನ. ಮದ್ಯ ಕುಡಿಯುವವರಾದರೆ ಕುಡಿದ ರಾತ್ರಿಯನ್ನೂ ಕುಡಿಯದ ರಾತ್ರಿಯನ್ನೂ ಬೇರೆಬೇರೆಯಾಗಿ ದಾಖಲಿಸಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಒಟ್ಟು ಮೂರು ರಾತ್ರಿಯಾದರೂ ಬೇಕು. ಆಪ್ನಿಯಾ ಒಂದು ರಾತ್ರಿ ಇದ್ದಂತೆ ಇನ್ನೊಂದು ರಾತ್ರಿ ಇರುವುದಿಲ್ಲ.

ದಿಂಬಿನ ಹತ್ತಿರ ಒಂದು ನೋಟ್‌ಬುಕ್ ಇಡಿ. ದೀಪ ಆರಿಸಿದ ಹೊತ್ತು, ಮೂತ್ರಕ್ಕೆ ಎದ್ದ ಹೊತ್ತು, ಎಚ್ಚರವಾದ ಹೊತ್ತು ಬರೆಯಿರಿ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದನ್ನು ಸಕ್ಕರೆ ಕಾಯಿಲೆ ಅಥವಾ ವಯಸ್ಸಿನ ಲೆಕ್ಕಕ್ಕೆ ಹಾಕುತ್ತೇವೆ. ಅದು ಆಪ್ನಿಯಾದ ಗುರುತೂ ಆಗಿರಬಹುದು.

ನಮ್ಮ ಮೊದಲ ರಾತ್ರಿ

ನಾವು ಮೊದಲ ರಾತ್ರಿ ಹಳೆಯ ಕ್ಲಿಪ್ಪನ್ನೇ ಬಳಸಿದೆವು. ಎರಡು ಗಂಟೆಯ ಹೊತ್ತಿಗೆ ಅಂಕಿ 71 ತೋರಿಸಿತು. ನಾನು ಗಾಬರಿಯಾಗಿ ಅಣ್ಣನನ್ನು ಎಬ್ಬಿಸಿ, ಆಸ್ಪತ್ರೆಗೆ ಹೋಗೋಣವೆಂದು ಆಟೋಕ್ಕೆ ಫೋನ್ ಕೂಡ ಮಾಡಿದೆ. ಅವನು ಎದ್ದು ಕೂತ, ಉಸಿರು ಚೆನ್ನಾಗಿತ್ತು, ತುಟಿಯ ಬಣ್ಣ ಸರಿಯಾಗಿತ್ತು, ಅಂಕಿ ಮಾತ್ರ 71ರಲ್ಲೇ ಇತ್ತು. ಕ್ಲಿಪ್ಪು ಉಗುರಿನ ತುದಿಗೆ ಜಾರಿತ್ತು. ಪರದೆಯ ಮೇಲೆ ನಾಡಿಯ ಅಲೆ ಏಳುತ್ತಿರಲಿಲ್ಲ, ಚಪ್ಪಟೆಯಾಗಿ ನಡುಗುತ್ತಿತ್ತು. ನಾಡಿಯ ಅಲೆ ಇಲ್ಲದಿದ್ದರೆ ಅಂಕಿಯನ್ನು ನಂಬಬಾರದು ಎಂಬ ನಿಯಮ ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಕೈಗೆ ಬಂದದ್ದು ಅಂದು.

ಮರುದಿನ ಪಟ್ಟಿ ಅಂಟಿಸಿ, ಬೆಳಗಿನ ಜಾವ ಮೂರೂವರೆಗೆ ಮಂಚದ ಪಕ್ಕದಲ್ಲಿ ಕುಳಿತೆ. ಕತ್ತಲೆಯಲ್ಲಿ ಅಣ್ಣನ ಬೆರಳಿನ ಸುತ್ತ ಕೆಂಪು ಬೆಳಕಿನ ಒಂದು ಬಳೆ. ಅಂಕಿ 95. ಗೊರಕೆ ಏರುತ್ತ ಏರುತ್ತ ಹೋಗಿ ತಟ್ಟನೆ ನಿಂತಿತು. ಹೊಟ್ಟೆ ಮೇಲೆ ಕೆಳಗೆ ಆಗುತ್ತಲೇ ಇತ್ತು, ಮೂಗಿನ ಬಳಿ ಕೈ ಹಿಡಿದರೆ ಗಾಳಿ ಇರಲಿಲ್ಲ. ನಾನು ಎಣಿಸತೊಡಗಿದೆ. ಹತ್ತು, ಹದಿನೈದು, ಇಪ್ಪತ್ತು. ಅಂಕಿ ಇನ್ನೂ 95, ಆಮೇಲೆ 94. ಇಪ್ಪತ್ತೆಂಟಕ್ಕೆ ಮೈ ಜಗ್ಗಿ ದೊಡ್ಡ ಉಸಿರು ಬಂತು. ಬದುಕಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅಂಕಿ ಇಳಿಯಲು ಶುರುವಾಯಿತು: 92, 89, 86. ಅಣ್ಣ ಆಗಲೇ ಮೂರು ನಾಲ್ಕು ಉಸಿರು ಎಳೆದಾಗಿತ್ತು. ಬಳಿಕ ಅಂಕಿ ಸರಸರನೆ 95ಕ್ಕೆ ಏರಿತು. ಒಂದು ನಿಮಿಷ ಕಳೆಯುವುದರೊಳಗೆ ಮತ್ತೆ ಅದೇ ಆಟ.

ಶ್ವಾಸಕೋಶದಲ್ಲಿ ಕಡಿಮೆಯಾದ ಆಮ್ಲಜನಕದ ಸುದ್ದಿ ರಕ್ತದ ಜೊತೆ ಹೃದಯ ದಾಟಿ ಬೆರಳ ತುದಿಗೆ ಬರಲು ಸಮಯ ಹಿಡಿಯುತ್ತದೆ, ಜೊತೆಗೆ ಉಪಕರಣದ ಸರಾಸರಿಯ ವಿಳಂಬವೂ ಸೇರುತ್ತದೆ. ಆದ್ದರಿಂದ ಪಕ್ಕದಲ್ಲಿ ಕುಳಿತು ನೋಡುವವರು "ಉಸಿರು ನಿಂತಾಗ ಅಂಕಿ ಚೆನ್ನಾಗಿಯೇ ಇತ್ತು" ಎಂದು ಮೋಸಹೋಗಬಾರದು. ಉಸಿರು ಮರಳಿದ ಮೇಲೂ ಅರ್ಧ ನಿಮಿಷ ಅಂಕಿಯ ಮೇಲೆ ಕಣ್ಣಿಡಿ.

ಗ್ರಾಫ್ ಓದುವುದು

ನಂತರ ಮೂರು ರಾತ್ರಿ ದಾಖಲಿಸುವ ಆಕ್ಸಿಮೀಟರ್ ಹಾಕಿದೆವು. ಬೆಳಿಗ್ಗೆ ಆ್ಯಪ್ ತೆರೆದರೆ ಅತಿ ಕಡಿಮೆ ಅಂಕಿಯನ್ನು ದೊಡ್ಡದಾಗಿ ತೋರಿಸುತ್ತದೆ, ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಅದನ್ನು ಕೊನೆಗೆ ನೋಡಿ. ಮೊದಲು ಗೆರೆಯ ಆಕಾರ ನೋಡಿ.

ಆರೋಗ್ಯವಂತನ ರಾತ್ರಿಯ ಗೆರೆ ಅಲ್ಲಲ್ಲಿ ಸಣ್ಣಗೆ ಅಲುಗುವ ನೇರ ಗೆರೆ. ಆಪ್ನಿಯಾದ ಗೆರೆ ಗರಗಸದ ಹಲ್ಲು: ಸಾವಕಾಶ ಇಳಿತ, ಚುರುಕಾದ ಏರಿಕೆ, ಮತ್ತೆ ಸಾವಕಾಶ ಇಳಿತ, ಹೀಗೆ ಸಾಲುಸಾಲಾಗಿ. ಅದರ ಕೆಳಗಿನ ನಾಡಿಬಡಿತದ ಗೆರೆಯನ್ನೂ ನೋಡಿ. ಉಸಿರು ಕಟ್ಟಿದಾಗ ನಾಡಿ ನಿಧಾನವಾಗಿ, ಉಸಿರು ಬಂದೊಡನೆ ಜಿಗಿಯುತ್ತದೆ. ಎರಡು ಗೆರೆಗಳೂ ಒಂದೇ ತಾಳಕ್ಕೆ ಏರಿಳಿಯುತ್ತಿದ್ದರೆ ಅನುಮಾನ ಬಲವಾಗುತ್ತದೆ. ಸಂವೇದಕ ಜಾರಿದಾಗ ಬರುವ ಗೆರೆ ಬೇರೆಯೇ. ಗೋಡೆಯಿಂದ ಬಿದ್ದಂತೆ ನೆಟ್ಟಗೆ ಕೆಳಕ್ಕೆ, ಒಂದೇ ಕಡೆ ಹೊತ್ತುಗಟ್ಟಲೆ, ಮತ್ತೆ ನೆಟ್ಟಗೆ ಮೇಲಕ್ಕೆ. ಅಂಥ ಭಾಗಗಳ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಹಾಕಿ ಲೆಕ್ಕದಿಂದ ಬಿಡಿ.

ಈಗ ಎಣಿಕೆ. ಮುಂಚಿನ ಮಟ್ಟಕ್ಕಿಂತ ಶೇಕಡಾ 3 ಅಥವಾ ಅದಕ್ಕೂ ಹೆಚ್ಚು ಇಳಿದು ಮತ್ತೆ ಏರಿದ್ದು ಒಂದು ಕುಸಿತ. ಕೆಲವು ಉಪಕರಣಗಳು ಶೇಕಡಾ 4ನ್ನು ಲೆಕ್ಕ ಹಿಡಿಯುತ್ತವೆ, ಯಾವುದೆಂದು ಬರೆದಿಟ್ಟುಕೊಳ್ಳಿ, ಏಕೆಂದರೆ ಎರಡಕ್ಕೂ ಉತ್ತರ ಬೇರೆ. ಕುಸಿತಗಳ ಒಟ್ಟು ಸಂಖ್ಯೆಯನ್ನು ಚೊಕ್ಕವಾಗಿ ದಾಖಲಾದ ತಾಸುಗಳಿಂದ ಭಾಗಿಸಿ. ಅಣ್ಣನ ಎರಡನೆಯ ರಾತ್ರಿ 6 ತಾಸಿನ ದಾಖಲೆಯಲ್ಲಿ 168 ಕುಸಿತ, ಅಂದರೆ ಗಂಟೆಗೆ 28. ಉಳಿದ ಎರಡು ರಾತ್ರಿ 24 ಮತ್ತು 31. ಬಹಳಷ್ಟು ಆ್ಯಪ್‌ಗಳು ಈ ಲೆಕ್ಕವನ್ನು ತಾವೇ ಮಾಡಿಕೊಡುತ್ತವೆ. ಆದರೂ ಒಂದು ತಾಸಿನದನ್ನು ನೀವೇ ಎಣಿಸಿ ತಾಳೆ ನೋಡಿ.

ಈ ಸಂಖ್ಯೆಯನ್ನು ಮೇಲೆ ಹೇಳಿದ ಸೌಮ್ಯ, ಮಧ್ಯಮ, ತೀವ್ರ ಎಂಬ ಪಟ್ಟಿಗೆ ನೇರವಾಗಿ ಹೊಂದಿಸಬೇಡಿ. ಅದು ಉಸಿರಾಟದ ಎಣಿಕೆ, ಇದು ಆಮ್ಲಜನಕದ ಎಣಿಕೆ. ಜೊತೆಗೆ ನಮ್ಮ ಉಪಕರಣಕ್ಕೆ ಅಣ್ಣ ಯಾವಾಗ ಎಚ್ಚರವಿದ್ದ, ಯಾವಾಗ ನಿದ್ರೆಯಲ್ಲಿದ್ದ ಎಂಬುದು ತಿಳಿಯದು. ಎಚ್ಚರವಿದ್ದ ಹೊತ್ತನ್ನೂ ಭಾಗಾಕಾರದಲ್ಲಿ ಸೇರಿಸಿಕೊಂಡು ಸಂಖ್ಯೆಯನ್ನು ಕಡಿಮೆ ಮಾಡುತ್ತದೆ. ಮುಂದೆ ಆಸ್ಪತ್ರೆಯ ಪರೀಕ್ಷೆಯಲ್ಲಿ ಅಣ್ಣನಿಗೆ ಗಂಟೆಗೆ 38 ಬಂತು.

ಕೊನೆಗೆ, ರಾತ್ರಿಯಲ್ಲಿ ಒಟ್ಟು ಎಷ್ಟು ನಿಮಿಷ ಅಂಕಿ 90ಕ್ಕಿಂತ ಕೆಳಗಿತ್ತು ಎಂದು ನೋಡಿ ಬರೆದಿಡಿ. ವೈದ್ಯರು ಅದನ್ನು ಕೇಳುತ್ತಾರೆ. ಹಲ್ಲಿನಂಥ ಆಕಾರವಿಲ್ಲದೆ ತಾಸುಗಟ್ಟಲೆ ಕೆಳಗೇ ಇದ್ದರೆ ಅದು ಬೇರೆ ಕಥೆ, ಶ್ವಾಸಕೋಶ ಅಥವಾ ಹೃದಯದ ತೊಂದರೆಯ ಕಡೆಗೆ ಬೊಟ್ಟು ಮಾಡುತ್ತದೆ. ಎಚ್ಚರವಿದ್ದಾಗಲೂ ಅಂಕಿ 90ಕ್ಕಿಂತ ಕೆಳಗೆ ನಿಂತು, ಏದುಸಿರು ಬರುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಗ್ರಾಫ್ ಎಣಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಗೆರೆ ನೇರವಾಗಿದ್ದರೆ?

ಬಹಳ ಮಂದಿ ತಪ್ಪುವುದು ಇಲ್ಲಿಯೇ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವ ಕ್ರಮ ನೇರ ಲೆಕ್ಕದ್ದಲ್ಲ. 90ಕ್ಕಿಂತ ಮೇಲೆ ಅದು ಗಟ್ಟಿ ಹಿಡಿತ, ಶ್ವಾಸಕೋಶದಲ್ಲಿ ಆಮ್ಲಜನಕ ಸಾಕಷ್ಟು ಇಳಿದರೂ ಬೆರಳಿನ ಅಂಕಿ ಸ್ವಲ್ಪವೇ ಕದಲುತ್ತದೆ. ತೆಳ್ಳಗಿನ, ಹರೆಯದ, ಆರೋಗ್ಯಕರ ಶ್ವಾಸಕೋಶ ಇರುವವರಲ್ಲಿ ಹದಿನೈದು ಸೆಕೆಂಡು ಉಸಿರು ಕಟ್ಟಿದರೂ ಅಂಕಿ ಶೇಕಡಾ 3 ಇಳಿಯದೇ ಇರಬಹುದು. ಆದರೆ ಮಿದುಳು ಪ್ರತಿ ಸಲವೂ ಎಚ್ಚರಗೊಂಡಿರುತ್ತದೆ, ನಿದ್ರೆ ಚೂರುಚೂರಾಗಿರುತ್ತದೆ. ಹೆಂಗಸರಲ್ಲಿ ಇದು ಹೆಚ್ಚು. ಅವರಿಗೆ ಜೋರು ಗೊರಕೆಗಿಂತ ನಿದ್ರೆ ಬಾರದಿರುವುದು, ಸುಸ್ತು, ಬೆಳಗಿನ ತಲೆನೋವು, ಮನಸ್ಸಿನ ಬೇಸರ ಮುಂದಾಗಿ ಕಾಣುತ್ತದೆ. ಇದನ್ನು ಚಿಂತೆಯೆಂದೋ ಮುಟ್ಟು ನಿಲ್ಲುವ ಕಾಲದ ತೊಂದರೆಯೆಂದೋ ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಬೆರಳಿನ ಗೆರೆ ನೇರವಾಗಿ ಬಂದರೆ ಆ ತೀರ್ಮಾನಕ್ಕೆ ಮುದ್ರೆ ಒತ್ತಿದಂತಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಹಗಲಿನ ಆಯಾಸ ಹೋಗದಿದ್ದರೆ ಗೆರೆ ಏನೇ ಹೇಳಲಿ, ವೈದ್ಯರ ಬಳಿ ಕರೆದುಕೊಂಡು ಹೋಗಿ.

ಚರ್ಮದ ಬಣ್ಣವೂ ಒಂದು ಕಾರಣ. ಅಮೆರಿಕದಲ್ಲಿ 2020ರ ಕೊನೆಗೆ ಪ್ರಕಟವಾದ ಅಧ್ಯಯನವೊಂದು, ರಕ್ತದಲ್ಲಿ ಆಮ್ಲಜನಕ ನಿಜವಾಗಿ ಕಡಿಮೆಯಿದ್ದರೂ ಆಕ್ಸಿಮೀಟರ್ ಚೆನ್ನಾಗಿದೆಯೆಂದು ತೋರಿಸುವುದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು ತೋರಿಸಿತು. ನಮ್ಮ ಜನರಲ್ಲೂ ಗಾಢ ವರ್ಣದವರು ಬಹಳ. ಅವರ ಬೆರಳಿನ ಮೇಲೆ ಉಪಕರಣ ಒಂದೆರಡು ಅಂಕ ಹೆಚ್ಚಿಗೆ ಹೇಳುತ್ತಿರಬಹುದು ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು ಅಂಕಿಗಿಂತ ಗೆರೆಯ ಆಕಾರವನ್ನು ನಂಬಿ ಎಂದು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇದೂ ಕಾರಣ. ಬೀಡಿ, ಸಿಗರೇಟು ಸೇದುವವರಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿದ ಹಿಮೋಗ್ಲೋಬಿನ್ನನ್ನೂ ಸಾಮಾನ್ಯ ಆಕ್ಸಿಮೀಟರ್ ಆಮ್ಲಜನಕವೆಂದೇ ಎಣಿಸುತ್ತದೆ.

ಮಕ್ಕಳಿಗೆ ಈ ಇಡೀ ಕ್ರಮ ಅನ್ವಯಿಸುವುದಿಲ್ಲ. ಅವರಲ್ಲಿ ಗಂಟೆಗೆ ಒಂದು ಘಟನೆಯೂ ಸಹಜವಲ್ಲ. ಮಗು ಗೊರಕೆ ಹೊಡೆದು, ಬಾಯಿ ತೆರೆದು ಮಲಗುತ್ತಿದ್ದರೆ ಟಾನ್ಸಿಲ್, ಅಡಿನಾಯ್ಡ್ ನೋಡುವ ಕಿವಿ-ಮೂಗು-ಗಂಟಲು ವೈದ್ಯರಿಗೆ ನೇರವಾಗಿ ತೋರಿಸಿ.

ಗ್ರಾಫ್ ಹಿಡಿದು ಎಲ್ಲಿಗೆ

ಶ್ವಾಸಕೋಶ ವಿಭಾಗ ಅಥವಾ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ. ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ವಿದ್ಯಾನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗಿನ ಜಿಮ್ಸ್‌ನಂಥ ವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು. ಹೋಗುವ ಮೊದಲು ಫೋನ್ ಮಾಡಿ, ನಿದ್ರಾ ಪರೀಕ್ಷೆ ಅಲ್ಲಿಯೇ ಆಗುತ್ತದೆಯೇ, ಬೇರೆಡೆಗೆ ಬರೆದುಕೊಡುತ್ತಾರೆಯೇ ಎಂದು ಕೇಳಿಕೊಳ್ಳಿ. ನಾವು ಮೊದಲು ಹೋದ ಒಂದು ದವಾಖಾನೆಯಲ್ಲಿ ಗ್ರಾಫ್ ನೋಡದೆಯೇ "ತೂಕ ಇಳಿಸಿ" ಎಂದು ಕಳಿಸಿದರು. ತೂಕ ಇಳಿಸುವುದು ಸರಿಯಾದ ಸಲಹೆಯೇ, ಆದರೆ ಅದಕ್ಕೆ ತಿಂಗಳುಗಳು ಬೇಕು, ಘಟ್ಟ ಅಲ್ಲಿಯವರೆಗೆ ಕಾಯುವುದಿಲ್ಲ. ನಾವು ಬೇರೆ ವೈದ್ಯರ ಬಳಿ ಹೋದೆವು.

ಅವರಿಗೆ ಮೂರು ಹಾಳೆ ಕೊಟ್ಟೆ. ಒಂದರಲ್ಲಿ ಎಂಟು ಪ್ರಶ್ನೆಗಳ ಉತ್ತರ, ರಕ್ತದೊತ್ತಡದ ಮಾತ್ರೆಗಳ ಹೆಸರು. ಇನ್ನೊಂದರಲ್ಲಿ ಅತಿ ಕೆಟ್ಟ ರಾತ್ರಿಯ ಗ್ರಾಫ್, ಉಪಕರಣದ ಮಾದರಿ, ಶೇಕಡಾ 3ರ ಲೆಕ್ಕವೆಂಬ ಟಿಪ್ಪಣಿ. ಮೂರನೆಯದರಲ್ಲಿ ವೈನಿ ನೋಡಿದ್ದು ವೈನಿಯ ಮಾತಿನಲ್ಲೇ. ಮೊಬೈಲಿನಲ್ಲಿ ಎರಡು ನಿಮಿಷದ ಒಂದು ವಿಡಿಯೊ. ವೈದ್ಯರು ಬಹಳ ಹೊತ್ತು ನೋಡಿದ್ದು ಆ ವಿಡಿಯೊವನ್ನು.

ಆಸ್ಪತ್ರೆಯ ಪೂರ್ಣ ಪರೀಕ್ಷೆಯನ್ನು ಪಾಲಿಸಾಮ್ನೋಗ್ರಫಿ ಎನ್ನುತ್ತಾರೆ. ತಲೆಯ ಮೇಲಿನ ತಂತಿಗಳು ಮಿದುಳಿನ ಅಲೆಯನ್ನೂ, ಮೂಗಿನ ನಳಿಕೆ ಗಾಳಿಯ ಹರಿವನ್ನೂ, ಎದೆ-ಹೊಟ್ಟೆಯ ಪಟ್ಟಿಗಳು ಉಸಿರಿನ ಹೆಣಗಾಟವನ್ನೂ ದಾಖಲಿಸುತ್ತವೆ. ಬೆರಳಿನ ಬೆಳಕು ಅದರಲ್ಲಿ ಒಂದು ಅಂಗ ಮಾತ್ರ. ಗಂಟಲು ಮುಚ್ಚಿ ಉಸಿರು ನಿಲ್ಲುತ್ತಿದೆಯೋ, ಉಸಿರೆಳೆಯಬೇಕೆಂಬ ಆಜ್ಞೆಯೇ ಮಿದುಳಿನಿಂದ ಬರುತ್ತಿಲ್ಲವೋ ಎಂಬ ಭೇದ ಅಲ್ಲಿ ತಿಳಿಯುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ. ತಂತಿಗಳು ಕಡಿಮೆ ಇರುವ, ಮನೆಯಲ್ಲೇ ಮಾಡುವ ಪರೀಕ್ಷೆಯೂ ಇದೆ.

ಪರೀಕ್ಷೆಯ ದಿನ ಸಿಗುವವರೆಗೆ ಮಗ್ಗುಲಾಗಿ ಮಲಗಿ. ಮದ್ಯ ಬೇಡ. ವೈದ್ಯರನ್ನು ಕೇಳದೆ ನಿದ್ರೆ ಮಾತ್ರೆ ಬೇಡವೇ ಬೇಡ, ಅದು ಗಂಟಲನ್ನು ಇನ್ನಷ್ಟು ಸಡಿಲ ಮಾಡಬಹುದು. ಕೊರೋನಾ ಕಾಲದ ಆಕ್ಸಿಜನ್ ಕಾನ್ಸಂಟ್ರೇಟರ್ ಮನೆಯಲ್ಲಿದ್ದರೆ, ಅಂಕಿ ಇಳಿಯುತ್ತಿದೆ ಎಂದು ಅದನ್ನು ರಾತ್ರಿ ಹಚ್ಚಬೇಡಿ. ಮುಚ್ಚಿದ ಗಂಟಲನ್ನು ಅದು ತೆರೆಯುವುದಿಲ್ಲ. ಅಂಕಿ ಮೇಲೇರಿ ಕಾಯಿಲೆ ಮರೆಯಾಗುತ್ತದೆ, ಕೆಲವರಲ್ಲಿ ಉಸಿರು ನಿಲ್ಲುವ ಅವಧಿ ಹೆಚ್ಚುತ್ತದೆ. ಹಗಲಿನಲ್ಲಿ ತೂಕಡಿಕೆ ಬರುವವರು ವಾಹನ ಓಡಿಸಬೇಡಿ. ಅಣ್ಣ ಆ ವಾರವೇ ಲಾರಿಯ ಕೀಲಿಯನ್ನು ಮಾಲೀಕರಿಗೆ ಒಪ್ಪಿಸಿ, ಎರಡು ತಿಂಗಳು ಗೋದಾಮಿನ ಲೆಕ್ಕ ನೋಡಿಕೊಂಡ. ಸಂಬಳ ಕಡಿಮೆಯಾಯಿತು, ಅವನಿಗೆ ಅದು ಸುಲಭವಾಗಿರಲಿಲ್ಲ.

ಚಿಕಿತ್ಸೆಯಾಗಿ ಸಿಪ್ಯಾಪ್ ಯಂತ್ರ ಕೊಟ್ಟರು. ಆಸ್ಟ್ರೇಲಿಯಾದ ಕಾಲಿನ್ ಸುಲಿವನ್ 1981ರಲ್ಲಿ ಪ್ರಕಟಿಸಿದ ವಿಧಾನ ಅದು. ಮುಖಕವಚದ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಹರಿದು ಗಂಟಲು ಮುಚ್ಚದಂತೆ ಒಳಗಿನಿಂದ ಆತುಕೊಳ್ಳುತ್ತದೆ. ಯಂತ್ರ ಬಂದ ಮೇಲೆ ಬೆರಳಿನ ಸಂವೇದಕವನ್ನು ಎತ್ತಿಡಬೇಡಿ. ಎರಡು ವಾರದ ನಂತರ ಯಂತ್ರ ಹಾಕಿಕೊಂಡೇ ಒಂದು ರಾತ್ರಿ ದಾಖಲಿಸಿ, ಹಳೆಯ ಗ್ರಾಫಿನ ಪಕ್ಕದಲ್ಲಿಡಿ. ಅಣ್ಣನ ಹೊಸ ಗೆರೆ ರಾತ್ರಿಯ ಬಹುಪಾಲು 94ರಿಂದ 96ರ ನಡುವೆ ನೇರವಾಗಿತ್ತು. ನಾಲ್ಕು ಗಂಟೆಯಿಂದ ನಾಲ್ಕೂಮುಕ್ಕಾಲರವರೆಗೆ ಮಾತ್ರ ಹಳೆಯ ಗರಗಸದ ಹಲ್ಲುಗಳು ಮತ್ತೆ ಕಾಣಿಸಿದವು. ನಿದ್ರೆಯಲ್ಲಿ ಅವನೇ ಮುಖಕವಚ ಕಿತ್ತಿದ್ದ. ಮೂಗಿನ ಮೇಲೆ ಪಟ್ಟಿ ಒತ್ತಿ ಕೆಂಪು ಗೆರೆ ಮೂಡಿತ್ತು. ಆ ಮುಕ್ಕಾಲು ಗಂಟೆಯ ಗ್ರಾಫ್ ತೋರಿಸಿದ ಮೇಲೆ ವೈದ್ಯರು ಒಂದು ಅಳತೆ ದೊಡ್ಡದಾದ ಕವಚ ಬದಲಿಸಿಕೊಟ್ಟರು.